ಯಂತ್ರನಾದದ ಅನುಕರಣ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಮೋಟಾರುಸೈಕಲಿಗೆ ‘ಫಟಫಟಿ’ ಎಂಬ ಹೆಸರುಂಟು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಗೂ ಪರಿಚಿತವಾದ ಈ ಮಾತು ಅನುಕರಣಶಬ್ದದಿಂದ ಹುಟ್ಟಿದುದು. ಯಂತ್ರದ ನಾದವೇ ಯಂತ್ರದ ನಾಮವಾಗಿದೆ. ಹಾಗಾದರೆ, ಬೆಲೆಬಾಳುವ ಯಂತ್ರವೊಂದರ ನಾದವನ್ನೂ ಬಲವನ್ನೂ ಅಲ್ಪವ್ಯಯದಿಂದ ಇನ್ನೊಂದು ಯಂತ್ರದಲ್ಲಿ ಮರಳಿ ಪಡೆಯಬಹುದೆ ಎಂಬುದು ವಿಚಾರಣೀಯ.

ಕನ್ನಡ ನಾಡಿನಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಚೆಕೊಸ್ಲೊವಾಕಿಯಾ ದೇಶದ ಜಾವಾ ಮೋಟಾರುಸೈಕಲನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸತೊಡಗಿತು. ಮುಂದೆ ಅದು ‘ಯೆಜ್ಡಿ’ ಎಂಬ ಹೆಸರನ್ನು ತಳೆಯಿತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. 2018ರಲ್ಲಿ ಬೇರೊಂದು ಸಂಸ್ಥೆಯು ಜಾವಾ ಹೆಸರಿನ ಹೊಸ ವಾಹನವನ್ನು ಹೊರತಂದಿತು. ಹಳೆಯದರ ರೂಪವನ್ನು ಇದು ಬಹುಮಟ್ಟಿಗೆ ಹೋಲುತ್ತದೆ. ಆದರೆ ನಾದವನ್ನು ಹೋಲುವುದೆ?

ನಾದಪರೀಕ್ಷೆಗೆ ಕಿವಿಯೇ ಪ್ರಮಾಣ. ಪಂಚಾಕ್ಷರಿ ಗವಾಯಿಗಳೂ (1892-1944) ಪುಟ್ಟರಾಜ ಗವಾಯಿಗಳೂ (1914-2010) ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ವಿದ್ಯಾರ್ಥಿಗಳು ಕಿವಿಯ ಬಲದಿಂದಲೇ ಸ್ವರಜ್ಞಾನವನ್ನು ಪಡೆಯುತ್ತ ಬಂದಿದ್ದಾರೆ. ಪಳಗಿದ ಕಿವಿಯು ನಾದದಲ್ಲಿ ಸ್ಥಾಯಿಯನ್ನೂ ಗುಣವನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಷಡ್ಜವು ಒಂದೇ ಆದರೂ ಹಾರ್ಮೋನಿಯಮ್ಮಿನ ಗುಣ ಬೇರೆ, ಸಾರಂಗಿಯ ಗುಣ ಬೇರೆ. ಸ್ಥಾಯಿಯಾದರೋ ಕಂಪನಗಳ ಸಂಖ್ಯೆಗೆ ಅಧೀನ. ಸಂಖ್ಯೆ ಅರ್ಧವಾದರೆ ಸ್ವರವು ಒಂದು ಸ್ಥಾಯಿ ಕೆಳಗಿಳಿಯುತ್ತದೆ.

ಇಂಜಿನಿನ ನಾದಕ್ಕೂ ಇದೇ ನಿಯಮ. ಸಿಲಿಂಡರಿನಲ್ಲಿ ಇಂಧನವು ಉರಿದಾಗಲೆಲ್ಲ ಹೊಗೆಕೊಳವೆಯಿಂದ ಒಂದು ಘಾತ ಹೊರಡುತ್ತದೆ. ಹಳೆಯ ಜಾವಾ ಟೂ-ಸ್ಟ್ರೋಕ್ ಜಾತಿಯದು. ಅದರಲ್ಲಿ ಸುತ್ತಿಗೊಂದು ಘಾತ. ಹೊಸದು ಫೋರ್-ಸ್ಟ್ರೋಕ್ ಜಾತಿಯದು. ಇದರಲ್ಲಿ ಎರಡು ಸುತ್ತಿಗೊಂದು ಘಾತ. ಎರಡಕ್ಕೂ ಸಿಲಿಂಡರು ಒಂದೇ. ಆದುದರಿಂದ ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಹಳೆಯದು ಸೆಕೆಂಡಿಗೆ 50 ಘಾತಗಳನ್ನೂ ಹೊಸದು 25 ಘಾತಗಳನ್ನೂ ಹೊರಡಿಸುತ್ತವೆ. ಅರ್ಥಾತ್ ಹೊಸದರ ನಾದ ಒಂದು ಸ್ಥಾಯಿ ಕೆಳಗೆ ನಿಲ್ಲುತ್ತದೆ. ಹಳೆಯದಕ್ಕಿದ್ದಂತೆ ಹೊಸದಕ್ಕೂ ಎರಡು ಹೊಗೆಕೊಳವೆಗಳಿವೆ. ಕೊಳವೆಗಳು ಗುಣವನ್ನು ತಿದ್ದಬಲ್ಲವೇ ಹೊರತು ಘಾತಗಳ ಸಂಖ್ಯೆಯನ್ನು ಹೆಚ್ಚಿಸಲಾರವು.

ಬಲದ ಲೆಕ್ಕವೇ ಬೇರೆ. ಹಳೆಯ 250 ಸಿ.ಸಿ. ಇಂಜಿನಿನದು ಸುಮಾರು 12 ಅಶ್ವಶಕ್ತಿ; 2018ರ 293 ಸಿ.ಸಿ. ಇಂಜಿನಿನದು ಸುಮಾರು 27. ಇಲ್ಲಿ ಬಲ ಹೆಚ್ಚಿತು, ಸ್ಥಾಯಿ ಇಳಿಯಿತು. ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. 2009ರಲ್ಲಿ ಬಂದ ಫೆರಾರಿ 458 ಎಂಬ ಇಟಲಿಯ ಕ್ರೀಡಾಕಾರಿನ ಎಂಟು ಸಿಲಿಂಡರುಗಳು 9000 ಸುತ್ತುಗಳಲ್ಲಿ ಸೆಕೆಂಡಿಗೆ 600 ಘಾತಗಳನ್ನು ಕೊಡುತ್ತವೆ. ಜಪಾನಿನ ಕವಾಸಕಿ ಸಂಸ್ಥೆಯ 250 ಸಿ.ಸಿ.ಯ ನಾಲ್ಕು ಸಿಲಿಂಡರಿನ ಮೋಟಾರುಸೈಕಲು 17000 ಸುತ್ತುಗಳಲ್ಲಿ ಸುಮಾರು 567 ಘಾತಗಳನ್ನು ಕೊಡುತ್ತದೆ. ಸ್ಥಾಯಿಯಲ್ಲಿ ಇವೆರಡೂ ನೆರೆಹೊರೆ; ಬಲದಲ್ಲಿ ಒಂದು ಸುಮಾರು 570 ಅಶ್ವಶಕ್ತಿ, ಇನ್ನೊಂದು ಸುಮಾರು 50. ನಾದದ ಸ್ಥಾಯಿಗೆ ಘಾತಗಳ ಸಂಖ್ಯೆ ಸಾಕು. ಬಲಕ್ಕೆ ಪ್ರತಿಯೊಂದು ಘಾತದ ಹಿಂದೆ ಉರಿಯುವ ಗಾಳಿ-ಇಂಧನಗಳ ಪ್ರಮಾಣವೂ ಬೇಕು.

ಹೀಗೆ ಅಲ್ಪವ್ಯಯದ ಅನುಕರಣದಲ್ಲಿ ನಾದ ದೊರೆತರೆ ಬಲ ತಪ್ಪುತ್ತದೆ, ಬಲ ದೊರೆತರೆ ನಾದ ತಪ್ಪುತ್ತದೆ. ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಹಳೆಯ ಜಾತಿಯ ಇಂಜಿನನ್ನು ಹೊಸದಾಗಿ ಕಟ್ಟುವುದೂ ಸುಲಭವಲ್ಲ. ಮೈಸೂರಿನ ಜಾವಾದ ನಿಜನಾದವು ಇನ್ನೂ ಓಡುತ್ತಿರುವ ಹಳೆಯ ವಾಹನಗಳಲ್ಲಿಯೇ ಉಳಿದಿದೆ. ಅವು ನಿಂತುಹೋದ ಬಳಿಕವೂ ಬಿಡಿಬಿಡಿಯಾದ ಆ ಘಾತಗಳ ನೆನಪನ್ನು ‘ಫಟಫಟಿ’ ಎಂಬ ಮಾತು ಕಾಪಾಡಿಕೊಂಡು ಬರುವುದು.