ಹಳೆಯ ಪಿಕಪ್ಪಿಗೆ ಎಂತಹ ಹೊಗೆಕೊಳವೆ?

ಶಾಲೆಯ ಮಧ್ಯಾಹ್ನದ ಊಟದ ಅಕ್ಕಿ, ತರಕಾರಿಗಳನ್ನೂ ವಾರ್ಷಿಕೋತ್ಸವದ ವೇದಿಕೆಯ ಹಲಗೆಗಳನ್ನೂ ಹೊತ್ತು ತರುವ ನಮ್ಮ ಸಂಘದ ಹಳೆಯ ಡೀಸೆಲ್ ಪಿಕಪ್ಪನ್ನು ಎಡನೀರಿನ ಮಕ್ಕಳೆಲ್ಲರೂ ಬಲ್ಲರು. ಕಳೆದ ಮಳೆಗಾಲದಲ್ಲಿ ಚೆರ್ಕಳದಿಂದ ಹೊರೆ ಹೊತ್ತು ಬರುವಾಗ ಅದು ಏರಿನಲ್ಲಿ ಟಪಟಪನೆ ಸದ್ದು ಮಾಡತೊಡಗಿತು. ಒಳಗೆ ಹೊಗೆಯ ವಾಸನೆ ತುಂಬಿ ಚಾಲಕರಿಗೆ ತಲೆನೋವು ಬರುತ್ತಿತ್ತು; ಜಡಿಮಳೆಯಲ್ಲಿಯೂ ಅವರು ಕಿಟಕಿ ತೆರೆದೇ ಬರಬೇಕಾಗಿತ್ತು. ಬಿಚ್ಚಿ ನೋಡಿದಾಗ ಯಂತ್ರದಿಂದ ಹೊಗೆಯನ್ನು ಕೂಡಿಸಿ ಹೊರಗೊಯ್ಯುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಸೀಳಿಹೋಗಿತ್ತು. ಆಗ ಹತ್ತನೆಯ ತರಗತಿಯ ಹುಡುಗನೊಬ್ಬನು, "ಮಾಷ್ಟ್ರೇ, ರೇಸಿನ ಕಾರುಗಳಿಗೆ ಹಾಕುವ ಹೆಡರನ್ನೇ ಇದಕ್ಕೂ ಹಾಕಿಸಬಾರದೇ? ಶಕ್ತಿ ಹೆಚ್ಚುತ್ತದಂತೆ" ಎಂದು ಕೇಳಿದನು. ದಾನಿಗಳ ಹಣವನ್ನು ವೆಚ್ಚ ಮಾಡುವ ಮೊದಲು ಈ ಪ್ರಶ್ನೆಯನ್ನು ಸರಿಯಾಗಿ ವಿಚಾರಿಸಿ ನೋಡಬೇಕೆಂದು ನಮಗೆ ತೋರಿತು.

ನಾಲ್ಕು ಸಿಲಿಂಡರುಗಳ ಯಂತ್ರದಲ್ಲಿ ಪ್ರತಿಯೊಂದು ಸಿಲಿಂಡರೂ ಯಂತ್ರದ ಎರಡು ಸುತ್ತುಗಳಿಗೊಮ್ಮೆ ಹೊಗೆಯನ್ನು ಹೊರದೂಡುತ್ತದೆ. ನಿಮಿಷಕ್ಕೆ 2,000 ಸುತ್ತುಗಳಾದರೆ ಒಟ್ಟು 4,000 ಸಲ ಹೊಗೆಯ ರಭಸ ಹೊರನುಗ್ಗುತ್ತದೆ. ಮ್ಯಾನಿಫೋಲ್ಡಿನಲ್ಲಿ ನಾಲ್ಕೂ ಬಾಯಿಗಳು ಒಂದೇ ಗಿಡ್ಡ ಗೂಡಿಗೆ ಸೇರುತ್ತವೆ. ಬಿಡುವಿನ ಗಂಟೆ ಹೊಡೆದೊಡನೆ ನಾಲ್ಕು ತರಗತಿಗಳ ಮಕ್ಕಳು ಒಂದೇ ಜಗಲಿಗೆ ನುಗ್ಗಿದಂತೆ ಅಲ್ಲಿ ಒಂದರ ಹೊಗೆ ಮತ್ತೊಂದಕ್ಕೆ ಅಡ್ಡಿ. ಹೆಡರ್ ಎಂಬುದರಲ್ಲಿಯಾದರೋ ಪ್ರತಿಯೊಂದು ಬಾಯಿಗೂ ಬೇರೆ ಬೇರೆ ಉದ್ದನೆಯ ಉಕ್ಕಿನ ಕೊಳವೆಯಿದ್ದು, ಅವು ದೂರದಲ್ಲಿ ಕೂಡುತ್ತವೆ. ಪ್ರಯೋಜನ ಅಷ್ಟೇ ಅಲ್ಲ. ಲಾರಿಯೊಂದು ರಭಸದಿಂದ ಸಾಗಿದಾಗ ರಸ್ತೆಯ ತರಗೆಲೆಗಳು ಅದರ ಹಿಂದೆ ಓಡುವುದನ್ನು ನೋಡಿದ್ದೀರಷ್ಟೆ. ಹಾಗೆಯೇ ಕೊಳವೆಯಲ್ಲಿ ಮುಂದೆ ಸಾಗಿದ ಹೊಗೆಯು ತನ್ನ ಹಿಂದೆ ಒತ್ತಡವನ್ನು ತಗ್ಗಿಸಿ, ಮುಂದಿನ ಸಿಲಿಂಡರಿನ ಹೊಗೆಯನ್ನು ಸೆಳೆಯಲು ನೆರವಾಗುತ್ತದೆ.

ಈ ಸೆಳೆತವು ಎಲ್ಲ ವೇಗಗಳಲ್ಲಿಯೂ ಸಮನಾಗಿ ದೊರೆಯುವುದಿಲ್ಲವೆಂಬುದೇ ಆಯ್ಕೆಯ ಮರ್ಮ. ಕೊಳವೆ ಉದ್ದವೂ ಕಿರಿದೂ ಆಗಿದ್ದರೆ ಯಂತ್ರವು ನಿಧಾನವಾಗಿ ತಿರುಗುವಾಗ ಅನುಕೂಲ. ಗಿಡ್ಡವೂ ಅಗಲವೂ ಆಗಿದ್ದರೆ ಅತಿವೇಗದಲ್ಲಿ. ನಾಲ್ಕು ಕೊಳವೆಗಳು ಒಮ್ಮೆಗೇ ಒಂದಾಗುವ ಹೆಡರ್ ಪಂದ್ಯದ ಗಾಡಿಗೆ ತಕ್ಕುದು. ಹೊರೆ ಎಳೆಯುವ ಗಾಡಿಗೆ ನಾಲ್ಕು ಎರಡಾಗಿ, ಎರಡು ಒಂದಾಗುವ ಕ್ರಮವೇ ಲೇಸು. ಸಿಲಿಂಡರುಗಳು ಸಾಮಾನ್ಯವಾಗಿ 1, 3, 4, 2 ಎಂಬ ಕ್ರಮದಲ್ಲಿ ಉರಿಯುವುದರಿಂದ ಒಂದನೆಯದನ್ನು ನಾಲ್ಕನೆಯದರೊಡನೆಯೂ ಎರಡನೆಯದನ್ನು ಮೂರನೆಯದರೊಡನೆಯೂ ಕೂಡಿಸುತ್ತಾರೆ. ಅಗಲ ಹೆಚ್ಚಿದಷ್ಟೂ ಒಳ್ಳೆಯದೆಂದು ಅಂಗಡಿಯಲ್ಲಿ ಹೇಳುವವರುಂಟು. ನಮ್ಮ ಏರುದಾರಿಗಳಲ್ಲಿ ಎರಡನೆಯ ಗೇರಿನಲ್ಲಿ ತೆವಳುವ ಗಾಡಿಗೆ ಅದು ನಷ್ಟವೇ.

ಇದಿಷ್ಟೂ ಪೆಟ್ರೋಲ್ ಯಂತ್ರಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. 1947ರಿಂದ ಮಹೀಂದ್ರ ಸಂಸ್ಥೆಯವರು ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳು ಪೆಟ್ರೋಲಿನವು. ಆದರೆ ಬಳಿಕ ನಮ್ಮ ಕಡೆ ಅಡಿಕೆ, ಗೊಬ್ಬರ ಹೊತ್ತ ಜೀಪು ಪಿಕಪ್ಪುಗಳು ಹೆಚ್ಚಾಗಿ ಡೀಸೆಲಿನವು. ಡೀಸೆಲ್ ಯಂತ್ರದ ಶಕ್ತಿಯನ್ನು ಮುಖ್ಯವಾಗಿ ನಿರ್ಣಯಿಸುವುದು ಪಂಪು ಚಿಮ್ಮಿಸುವ ಎಣ್ಣೆಯ ಪ್ರಮಾಣ. ಅದು ತಿರುಗುವ ವೇಗವೂ ಕಡಿಮೆ. ಆದುದರಿಂದ ಹೆಡರಿನಿಂದ ಅದಕ್ಕೆ ದೊರೆಯುವ ಲಾಭ ಅತ್ಯಲ್ಪ. ಟರ್ಬೋ ಇರುವ ಗಾಡಿಯಲ್ಲಂತೂ ಅದರ ಭಾರವನ್ನು ಮ್ಯಾನಿಫೋಲ್ಡೇ ಹೊರುವುದರಿಂದ ತೆಳುಕೊಳವೆಗಳ ಮಾತೇ ಬೇಡ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ತೆಳ್ಳನೆಯ ಸಾದಾ ಉಕ್ಕು ಬೇಗನೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆದರೂ ಬೆಲೆ ಹೆಚ್ಚು. ಕಾದಾಗ ಸಾದಾ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಬೆಸುಗೆ ಸೊಗಸಾಗಿರಬೇಕು. ಬೀಡುಕಬ್ಬಿಣ ಭಾರವಾದರೂ ಬಹುಕಾಲ ಬಾಳುತ್ತದೆ. ಅದರ ಶತ್ರುವೆಂದರೆ, ಕೆಂಪಗೆ ಕಾದಿರುವಾಗ ತಣ್ಣೀರು ಬೀಳುವುದು ಮತ್ತು ಸಡಿಲವಾದ ಬೋಲ್ಟು.

ಯಾವುದನ್ನೇ ಕೊಂಡರೂ ಸಂದು ಬಿಗಿಯಾಗಿರುವುದು ಶಕ್ತಿಗಿಂತ ಮುಖ್ಯ. ಡೀಸೆಲ್ ಹೊಗೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಸಾರಿದೆ. ಪೆಟ್ರೋಲ್ ಗಾಡಿಯ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗಂತೂ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಂದಿನ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಸೋರಿಕೆ ಇದೆಯೆಂದೇ ತಿಳಿಯತಕ್ಕದ್ದು. ಕೊಳ್ಳುವಾಗ ಹೆಡರಿನ ಚಾಚುಪಟ್ಟಿ ದಪ್ಪವಾಗಿದೆಯೇ, ನೇರ ಅಳತೆಪಟ್ಟಿ ಇಟ್ಟರೆ ಬೆಳಕು ನುಸುಳುವುದೇ, ಕೊಳವೆಯು ಸ್ಟಾರ್ಟರ್ ಮೋಟರಿಗೂ ಬ್ರೇಕಿನ ನಳಿಗೂ ತಗಲುವುದೇ ಎಂದು ನೋಡಬೇಕು. ಕಾನೂನೂ ಉಂಟು: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ ತಯಾರಕರು ನಿರ್ದೇಶಿಸಿದ ಸ್ವರೂಪವನ್ನು ಮನಬಂದಂತೆ ಬದಲಿಸಲಾಗದು. ಕೇರಳದ ಮೊಕದ್ದಮೆಯೊಂದರಲ್ಲಿಯೇ 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಸೈಲೆನ್ಸರ್ ತೆಗೆದು ಗುಡುಗಿಸುವ ತರುಣರು ಇದನ್ನು ಗಮನಿಸಲಿ.

ನಾವು ಕೊನೆಗೆ ಮೂಲದಂತಹುದೇ ಬೀಡಿನ ಮ್ಯಾನಿಫೋಲ್ಡನ್ನು ತರಿಸಿ, ಹೊಸ ಪ್ಯಾಕಿಂಗ್, ಹೊಸ ಬೋಲ್ಟುಗಳೊಡನೆ ಕೂಡಿಸಿದೆವು. ಕೆಲವು ದಿನ ಓಡಿದ ಬಳಿಕ ಯಂತ್ರ ತಣ್ಣಗಿರುವಾಗ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಲಾಯಿತು. ಹುಡುಗನಿಗೆ ಪೂರ್ಣ ಸಮಾಧಾನವಾಗಿಲ್ಲ. ನೋಟುಪುಸ್ತಕದ ಹಿಂಬದಿಯಲ್ಲಿ ಪೆಟ್ರೋಲ್ ಜೀಪಿಗೊಂದು ಹೆಡರಿನ ಚಿತ್ರ ಬರೆಯುತ್ತಿದ್ದಾನೆ. ಚಾಲಕರು ಮಾತ್ರ ಈಗ ಮಳೆಯಲ್ಲಿ ಕಿಟಕಿ ಮುಚ್ಚಿಯೇ ಬರುತ್ತಾರೆ.