ಬೆಂಕಿಗೆ ಅಂಜದ ಬಟ್ಟೆ ಬಿಸಿನೀರಿಗೆ ಸೋಲುವುದೇಕೆ?

ಕೂಟಗಲ್ ಹೋಬಳಿಯ ಹಳ್ಳಿಗಳ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗಿ ಅಲ್ಲಿನ ಬಿಚ್ಚಾಣಿಕೆ ಮನೆಗಳನ್ನು ಸೇರುವುದು ವಾಡಿಕೆ. ಅಂಥ ಒಂದು ಮನೆಯಲ್ಲಿ ಚರಕದ ಮುಂದೆ ಕ್ಷಣಕಾಲ ನಿಂತು ನೋಡಿರಿ. ಗೂಡುಗಳು ಕುದಿನೀರಿನಲ್ಲಿ ಕುಣಿಯುತ್ತಿರುತ್ತವೆ. ಎಳೆಗಳನ್ನು ಒಂದಕ್ಕೊಂದು ಅಂಟಿಸಿದ ಸೆರಿಸಿನ್ ಎಂಬ ಗೋಂದು ಬಿಸಿಗೆ ಮೆತ್ತಗಾಗಿ ಎಳೆಯ ತುದಿ ಸಡಿಲುತ್ತದೆ. ಆ ತುದಿಯನ್ನು ಹಿಡಿಯುವುದು ಬರಿಯ ಬೆರಳು. ದಿನವೆಲ್ಲ ಹೀಗೆ ನೆನೆದ ಕೈಯ ಚರ್ಮ ಬಿಳಿಚಿಕೊಂಡು, ಬಿರಿದು, ಹುಣ್ಣಾಗುವುದುಂಟು.

ಉರಿಯುವ ಮನೆಯೊಳಕ್ಕೆ ನುಗ್ಗುವವರಿಗೆ ವಿಶೇಷ ಉಡುಪು ಉಂಟಷ್ಟೆ. ಈ ಕೈಗೆ ಒಂದು ಕೈಗವಸು ಏಕಿಲ್ಲ?

ಆ ಉಡುಪಿನ ಗುಟ್ಟನ್ನು ಮೊದಲು ನೋಡೋಣ. ರೇಷ್ಮೆ, ನೈಲಾನ್, ಅರಾಮಿಡ್ ಈ ಮೂರೂ ಒಂದರ್ಥದಲ್ಲಿ ದಾಯಾದಿಗಳು. ಮೂರರ ಅಣುಸರಪಳಿಯಲ್ಲಿಯೂ ಕೊಂಡಿಗಳನ್ನು ಬೆಸೆದಿರುವುದು ಅಮೈಡ್ ಬಂಧವೇ. ಆದರೆ ನೈಲಾನ್ ಸುಮಾರು 250 ಡಿಗ್ರಿ ಸೆಂಟಿಗ್ರೇಡಿನ ಆಚೆಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ರೇಷ್ಮೆ ಕರಗುವುದಿಲ್ಲ, ಕರಿಕಾಗುತ್ತದೆ. ಅರಾಮಿಡ್‌ನಲ್ಲಿಯಾದರೋ ಬಂಧಗಳ ನಡುವೆ ಬೆನ್ಜೀನಿನ ಬಿಗಿಯಾದ ಉಂಗುರಗಳಿವೆ. ಅದೂ ಕರಗಿ ಹರಿಯುವುದಿಲ್ಲ. ಬಹಳ ಹೆಚ್ಚಿನ ಉಷ್ಣಾಂಶದಲ್ಲಿ ಕರಿಕಾಗುತ್ತದೆ. 1965ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ಮಹಿಳೆ ನಡೆಸಿದ ಸಂಶೋಧನೆಯಿಂದ ಹುಟ್ಟಿದ ಕೆವ್ಲಾರ್, ಸಮ ತೂಕದ ಉಕ್ಕಿಗಿಂತ ಐದು ಪಾಲು ಬಲವುಳ್ಳದ್ದು.

ಹಾಗಿದ್ದೂ ಯಾವ ಒಂದು ನೂಲೂ ಎಲ್ಲವನ್ನೂ ಮಾಡಲಾರದು. ಬೆಂಕಿಯುಡುಪಿನ ಒಂದು ಪ್ರಸಿದ್ಧ ಮಿಶ್ರಣವನ್ನೇ ತೆಗೆದುಕೊಳ್ಳಿರಿ. ಅದರಲ್ಲಿ ನೂರಕ್ಕೆ 93 ಪಾಲು ಮೆಟಾ-ಅರಾಮಿಡ್, 5 ಪಾಲು ಕೆವ್ಲಾರ್ ಜಾತಿಯ ಪಾರಾ-ಅರಾಮಿಡ್, 2 ಪಾಲು ವಿದ್ಯುತ್ತನ್ನು ಹರಿಯಗೊಡುವ ಇಂಗಾಲದ ಎಳೆ. ಮೊದಲನೆಯದು ಮೃದು, ಉಡಲು ಹಿತ. ಆದರೆ ಜ್ವಾಲೆ ತಗುಲಿದರೆ ಕುಗ್ಗಿ ಬಾಯಿಬಿಡುತ್ತದೆ. ಆಗ ಆ ಐದು ಪಾಲು ಎಲುಬಿನ ಹಂದರದಂತೆ ನಿಂತು ಬಟ್ಟೆ ಹರಿಯದಂತೆ ಹಿಡಿಯುತ್ತದೆ. ಇಂಗಾಲದ ಕೆಲಸ, ಉಜ್ಜುವಿಕೆಯಿಂದ ಕೂಡಿದ ವಿದ್ಯುತ್ತು ಕಿಡಿಯಾಗದಂತೆ ತಡೆಯುವುದು.

ಗಾಜು, ತಗಡು ಹಿಡಿಯುವವರ ಗವಸಿನಲ್ಲಿ ಉಕ್ಕಿನ ತಂತಿಯನ್ನೋ ಗಾಜಿನ ಎಳೆಯನ್ನೋ ನಡುವಿಟ್ಟು, ಸುತ್ತಲೂ ಅರಾಮಿಡ್ ಸುತ್ತಿರುತ್ತಾರೆ. ಯೂರೋಪಿನ ಒಂದು ಪರೀಕ್ಷೆಯಲ್ಲಿ ಅಲಗನ್ನು 20 ಮಿಲಿಮೀಟರು ಎಳೆದು, ಬಟ್ಟೆ ಕತ್ತರಿಸಲು ಬೇಕಾದ ಬಲವನ್ನು ಅಳೆಯುತ್ತಾರೆ. ಕೆಳಗಿನ ದರ್ಜೆಗೆ 2 ನ್ಯೂಟನ್, ಮೇಲಿನದಕ್ಕೆ 30, ಎಂದರೆ ಹತ್ತಿರಹತ್ತಿರ ಮೂರು ಕಿಲೋಗ್ರಾಮಿನ ಭಾರ. ಹಾಗೆಂದು ಪಕ್ಕದ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರಿಗೆ ಇದನ್ನು ತೊಡಿಸಬಾರದು! ತಿರುಗುವ ಲೇತಿಗೆ ಸಿಕ್ಕಿದರೆ ಯಾವ ಗವಸೂ ಅಪಾಯವೇ. ಹರಿಯದ ಎಳೆಯ ಗವಸಂತೂ ಕೈಯನ್ನೇ ಒಳಕ್ಕೆಳೆದುಕೊಂಡೀತು.

ಇನ್ನು ನಮ್ಮ ಚರಕಕ್ಕೆ ಬರೋಣ. ಬಟ್ಟೆ ಶಾಖವನ್ನು ತಡೆಯುವುದು ಬಹುಮಟ್ಟಿಗೆ ತನ್ನ ನೂಲಿನಿಂದಲ್ಲ, ನೂಲುಗಳ ಸಂದಿಯಲ್ಲಿ ಸಿಕ್ಕಿಕೊಂಡ ನಿಶ್ಚಲ ವಾಯುವಿನಿಂದ. ಗವಸನ್ನು ನೀರಿನಲ್ಲಿ ಅದ್ದಿದೊಡನೆ ಆ ವಾಯು ಹೊರಟು ನೀರು ತುಂಬುತ್ತದೆ. ನೀರಿನ ಉಷ್ಣವಾಹಕತೆ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಒಲೆಯ ಮೇಲಿನ ಪಾತ್ರೆಯನ್ನು ಒದ್ದೆ ಬಟ್ಟೆಯಿಂದ ಹಿಡಿದು ಕೈ ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲದುದಕ್ಕೆ, ನೆನೆದ ಗವಸು ಬಿಸಿನೀರನ್ನು ಚರ್ಮಕ್ಕೆ ಅಂಟಿಸಿಕೊಂಡೇ ಇರುತ್ತದೆ.

ನೀರು ಒಳಸೇರದ ರಬ್ಬರಿನ ಲೇಪ ಕೊಟ್ಟರೆ? ಗೂಡಿನ ಎಳೆಯ ದಪ್ಪ ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟು. ಅದನ್ನು ಗುರುತಿಸುವುದು ಬೆರಳ ತುದಿಯ ಸ್ಪರ್ಶ. ಶಾಖ ತಡೆಯುವಷ್ಟು ದಪ್ಪನಾದ ಲೇಪದ ಹಿಂದೆ ಆ ಸ್ಪರ್ಶವೇ ಮಾಯವಾಗುತ್ತದೆ; ಕೆಲಸ ಕುಂಟುತ್ತದೆ, ಕೂಲಿಯೂ ಕುಗ್ಗುತ್ತದೆ. ರೀಲರುಗಳು ಗವಸನ್ನು ಮೂಲೆಗೆಸೆದರೆ ಅದು ಅಜ್ಞಾನವೆನ್ನುವುದು ಅನ್ಯಾಯ.

ಪರಿಹಾರವನ್ನು ಬಟ್ಟೆಯಲ್ಲಿ ಹುಡುಕುವುದಕ್ಕಿಂತ ಪಾತ್ರೆಯಲ್ಲಿ ಹುಡುಕುವುದು ಮೇಲು. ಗೂಡನ್ನು ಬೇಯಿಸುವ ಪಾತ್ರೆ ಬೇರೆ, ನೂಲೆಳೆಯುವ ತೊಟ್ಟಿ ಬೇರೆಯಾದರೆ ಎರಡನೆಯದರ ನೀರು ಉಗುರುಬೆಚ್ಚಗಿದ್ದರೂ ಸಾಕು. ಸ್ವಯಂಚಾಲಿತ ಯಂತ್ರದಲ್ಲಿ ಎಳೆಯ ತುದಿಯನ್ನು ಹುಡುಕುವುದೂ ಕುಂಚದ ಕೆಲಸ. ಇಂಥ ಯಂತ್ರಗಳು ರಾಮನಗರಕ್ಕೂ ಬಂದಿವೆ. ಅವುಗಳ ಬೆಲೆ ಮಾತ್ರ ಒಂದೆರಡು ಚರಕಗಳ ಒಡೆಯನಿಗೆ ಎಟುಕುವಂಥದಲ್ಲ. ಅವನ ಮನೆಯಲ್ಲಿ ಬರಿಗೈ ಇಂದೂ ಬಿಸಿನೀರಿಗೆ ಇಳಿಯುತ್ತಿದೆ.