ಫಿಲಿಪ್ಪೀನ್ಸಿಗೆ ಸೊಸೆಯಾಗಿ ಹೋಗುವ ಮೊದಲು



ಒಂದು ಸಂಘದ ಸಭೆ ಮುಗಿದು ಉಳಿತಾಯದ ಲೆಕ್ಕ ಬರೆದಾದ ಮೇಲೆ ಸದಸ್ಯೆಯೊಬ್ಬರು ನಮ್ಮ ಹತ್ತಿರ ಬಂದು ಕೂತರು. "ಸಿಸ್ಟರ್, ಮಗಳು ಗಲ್ಫಿನಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುವ ಫಿಲಿಪ್ಪೀನ್ಸಿನ ಹುಡುಗನನ್ನು ಮದುವೆ ಆಗ್ತಾಳಂತೆ. ಆಮೇಲೆ ಅವನ ಊರಿಗೇ ಹೋಗಿ ಇರ್ತಾರಂತೆ. ಅವರೂ ಕಥೋಲಿಕರೇ ಅಲ್ವಾ, ಹೆದರುವಂಥದ್ದು ಏನೂ ಇಲ್ಲ ಅಲ್ವಾ?" ಎಂದು ಕೇಳಿದರು.

ಹೆದರುವುದು ಬೇಡ. ಆದರೆ ಪೂಜೆ ಒಂದೇ ಎಂದ ಮಾತ್ರಕ್ಕೆ ಮನೆ, ಕಾನೂನು ಎಲ್ಲಾ ಒಂದೇ ಆಗುವುದಿಲ್ಲ. ಪಕ್ಕದ ಊರಿಗೆ ಮಗಳನ್ನು ಕೊಡುವಾಗ ನಾವು ಹತ್ತು ಕಡೆ ವಿಚಾರಿಸುತ್ತೇವೆ. ಸಮುದ್ರ ದಾಟಿ ಕೊಡುವಾಗ "ನಮ್ಮವರೇ" ಎಂದು ಸುಮ್ಮನಿದ್ದರೆ ಹೇಗೆ?

ಮನೆಯೊಳಗೆ

ಆ ದೇಶದಲ್ಲಿ 10ರಲ್ಲಿ ಸುಮಾರು 8 ಮಂದಿ ಕಥೋಲಿಕರು. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಬೆಳಗಿನ ಜಾವ ಎದ್ದು ಬಲಿಪೂಜೆಗೆ ಹೋಗ್ತಾರೆ. ಹಿರಿಯರ ಕೈ ಹಿಡಿದು ತಮ್ಮ ಹಣೆಗೆ ತಾಗಿಸಿಕೊಂಡು ಆಶೀರ್ವಾದ ಪಡೆಯುತ್ತಾರೆ. ಇದಕ್ಕೆ 'ಮಾನೋ' ಎಂದು ಹೆಸರು. ಅಕ್ಕನಿಗೆ 'ಆತೆ', ಅಣ್ಣನಿಗೆ 'ಕೂಯಾ' ಅನ್ನುತ್ತಾರೆ. ಹಿರಿಯರ ಹತ್ತಿರ ಮಾತಾಡುವಾಗ 'ಪೋ' ಎಂಬ ಮರ್ಯಾದೆಯ ಮಾತು ಸೇರಿಸಬೇಕು. ಅನ್ನ ಮತ್ತು ಮೀನು ನಮ್ಮ ಕರಾವಳಿಯವರಿಗೆ ಹೊಸತಲ್ಲ. ಆದರೆ ಬೆಳಿಗ್ಗೆಯೂ ಅನ್ನ, ಖಾರ ಕಡಿಮೆ, ಹಂದಿಮಾಂಸ ಜಾಸ್ತಿ. ಶಾಲೆ, ಕಚೇರಿಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ಅತ್ತೆಯ ಅಡುಗೆಮನೆಯಲ್ಲಿ ಮಾತ್ರ ಆ ಪ್ರಾಂತ್ಯದ ಭಾಷೆಯೇ ಬೇಕು: ಕೆಲವು ಕಡೆ ತಗಾಲೊಗ್, ಕೆಲವು ಕಡೆ ಸೆಬುವಾನೊ ಅಥವಾ ಇಲೊಕಾನೊ. ಭಾಷೆ ಕಲಿಯದ ಸೊಸೆ ತುಂಬಿದ ಮನೆಯಲ್ಲೂ ಒಂಟಿಯಾಗ್ತಾಳೆ.

ಹಣದ ವಿಚಾರ

ನಮಗೆ ಸಂತೋಷ ತರುವ ಸಂಗತಿ ಒಂದುಂಟು. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಸಂಬಳವನ್ನು ಹೆಂಡತಿಯ ಕೈಗೆ ಕೊಡುವುದು ಪದ್ಧತಿ. ಮನೆಯ ಲೆಕ್ಕ ಅವಳದು. ಆದರೆ ಆ ಹಣ ಗಂಡ-ಹೆಂಡತಿಗೆ ಮಾತ್ರ ಸೇರಿದ್ದಲ್ಲ. ಹೆತ್ತು ಸಾಕಿದವರ, ಓದಿಸಿದವರ ಋಣವನ್ನು 'ಉತಾಂಗ್ ನಾ ಲೊಓಬ್' ಎನ್ನುತ್ತಾರೆ. ಹೊರದೇಶದಲ್ಲಿ ದುಡಿಯುವ ಮಗ ತಮ್ಮ ತಂಗಿಯರ ಫೀಸು, ಅಜ್ಜಿಯ ಔಷಧಿ ನೋಡಿಕೊಳ್ಳಬೇಕೆಂದು ಎಲ್ಲರೂ ನಿರೀಕ್ಷಿಸುತ್ತಾರೆ. ಸೊಸೆ ಇದಕ್ಕೆ ಮುಖ ಗಂಟು ಹಾಕಿದರೆ ಮನಸ್ತಾಪ ಶುರು. ತಿಂಗಳಿಗೆ ಎಷ್ಟು ಕಳಿಸುವುದು, ಎಷ್ಟು ಉಳಿಸುವುದು ಎಂದು ಮದುವೆಗೆ ಮೊದಲೇ ಇಬ್ಬರೂ ಕೂತು ಮಾತಾಡಬೇಕು.

ನಮ್ಮ ಚೀಟಿಯ ಹಾಗೆ ಅಲ್ಲಿ 'ಪಲುವಾಗನ್' ಉಂಟು. ನಮ್ಮ ಮೀಟರ್ ಬಡ್ಡಿಯ ಹಾಗೆ 'ಐದು-ಆರು' ಉಂಟು, ಅಂದರೆ ಐದು ಸಾಲ ತಂದರೆ ಆರು ಕೊಡಬೇಕು. ಬೈಕಿನಲ್ಲಿ ಬಂದು ಈ ಸಾಲ ವಸೂಲಿ ಮಾಡುವವರಲ್ಲಿ ಭಾರತದಿಂದ ಹೋದವರು ತುಂಬಾ ಜನ. ಭಾರತೀಯರನ್ನೆಲ್ಲ 'ಬುಂಬಾಯ್' ಎಂದು ಕರೆಯುವ ವಾಡಿಕೆಯೂ ಉಂಟು. ಮಗಳಿಗೂ ಈ ಮಾತು ಕೇಳಿಬರಬಹುದು. ಮೊದಲೇ ಗೊತ್ತಿದ್ದರೆ ಅಷ್ಟು ನೋಯುವುದಿಲ್ಲ.

ಮದುವೆಯ ಕಾಗದಗಳು

ಇದನ್ನು ಗಮನವಿಟ್ಟು ಓದಿ. ಫಿಲಿಪ್ಪೀನ್ಸಿನಲ್ಲಿ ಮುಸ್ಲಿಮರನ್ನು ಬಿಟ್ಟರೆ ಉಳಿದವರಿಗೆ ವಿಚ್ಛೇದನದ ಕಾನೂನಿಲ್ಲ. 2024ರಲ್ಲಿ ಸಂಸತ್ತಿನ ಕೆಳಮನೆ ಒಂದು ಮಸೂದೆ ಒಪ್ಪಿತು, ಆದರೆ ಅದು ಕಾನೂನಾಗಲಿಲ್ಲ. ಮದುವೆ ಅಸಿಂಧು ಎಂದು ಕೋರ್ಟಿನಿಂದ ತೀರ್ಪು ತರುವುದು ವರ್ಷಗಟ್ಟಲೆಯ, ತುಂಬಾ ಖರ್ಚಿನ ಕೆಲಸ. ಆದ್ದರಿಂದ ಹೆಂಡತಿಯಿಂದ ದೂರವಾಗಿ ಹತ್ತು ವರ್ಷ ಬೇರೆ ಇದ್ದರೂ ಕಾನೂನಿನ ಲೆಕ್ಕದಲ್ಲಿ ಅವನು ಮದುವೆಯಾದವನೇ. ಅಂಥವನ ಜೊತೆ ಆದ ಮದುವೆ ನಿಲ್ಲುವುದಿಲ್ಲ. ನಮ್ಮ ಹುಡುಗಿ ಹೆಂಡತಿ ಅಲ್ಲ ಎಂದಾಗಿಬಿಡುತ್ತದೆ.

ಇದಕ್ಕೆ ಉಪಾಯ ಸುಲಭ. ಆ ದೇಶದ ಅಂಕಿಅಂಶ ಇಲಾಖೆ 'ಸೆನೋಮಾರ್' ಎಂಬ ಪತ್ರ ಕೊಡುತ್ತದೆ. ಈ ವ್ಯಕ್ತಿಯ ಹೆಸರಲ್ಲಿ ಯಾವ ಮದುವೆಯೂ ದಾಖಲಾಗಿಲ್ಲ ಎಂಬ ಪ್ರಮಾಣ ಅದು. ಅದನ್ನು ಕೇಳಿ. ಅವನ ಧರ್ಮಕೇಂದ್ರದ ಗುರುಗಳಿಂದಲೂ ಪತ್ರ ತರಿಸಿ. ಕೇಳಿದರೆ ಬೇಸರ ಮಾಡಿಕೊಳ್ಳುತ್ತಾನೆ ಎಂಬ ಸಂಕೋಚ ಬೇಡ. ಒಳ್ಳೆಯ ಹುಡುಗ ಕೊಟ್ಟೇ ಕೊಡುತ್ತಾನೆ.

ಮದುವೆ ಅಲ್ಲೇ ಆಗುವುದಾದರೆ ಹುಡುಗಿಗೂ ನಮ್ಮ ರಾಯಭಾರ ಕಚೇರಿಯಿಂದ, ಮದುವೆಗೆ ಕಾನೂನಿನ ಅಡ್ಡಿಯಿಲ್ಲ ಎಂಬ ಪ್ರಮಾಣಪತ್ರ ಬೇಕು. ಬೇರೆ ದೇಶದಲ್ಲಿ ಆದರೆ ಫಿಲಿಪ್ಪೀನ್ಸ್ ರಾಯಭಾರ ಕಚೇರಿಯಲ್ಲಿ ಆ ಮದುವೆಯನ್ನು ವರದಿ ಮಾಡಿಸಬೇಕು. ತಾಳಿ, ಉಂಗುರದಿಂದ ಆ ದೇಶದ ಪೌರತ್ವ ಬರುವುದಿಲ್ಲ. ವಾಸದ ವೀಸಾಕ್ಕೆ ಬೇರೆಯೇ ಅರ್ಜಿ ಹಾಕಬೇಕು. ವಿದೇಶಿಯರ ಕಾರ್ಡ್ ಸಿಕ್ಕಿದ ಮೇಲೆ ಪ್ರತಿವರ್ಷದ ಮೊದಲ 60 ದಿನಗಳೊಳಗೆ ಇಮಿಗ್ರೇಷನ್ ಕಚೇರಿಗೆ ಹಾಜರಿ ಕೊಡಬೇಕು.

ಜಾಗ ಯಾರ ಹೆಸರಲ್ಲಿ?

ಅಲ್ಲಿನ 1987ರ ಸಂವಿಧಾನದ ಪ್ರಕಾರ ಹೊರದೇಶದವರು ಭೂಮಿ ಕೊಳ್ಳುವಂತಿಲ್ಲ. ವಾರಸುದಾರಿಕೆಯಿಂದ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಮಗಳ ಚಿನ್ನ ಮಾರಿ, ಸಂಘದಿಂದ ಸಾಲ ತೆಗೆದು ಅಲ್ಲಿ ಜಾಗ ಕೊಂಡರೆ ಅದು ಗಂಡನ ಹೆಸರಿಗೇ ಆಗುತ್ತದೆ. ಕೊಳ್ಳಲೇಬಾರದು ಎಂದು ನಾವು ಹೇಳುವುದಿಲ್ಲ, ತಿಳಿದು ಕೊಳ್ಳಲಿ.

ಕಷ್ಟ ಬಂದರೆ

ನಮ್ಮಲ್ಲಿ 2005ರಲ್ಲಿ ಬಂದಂಥ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅಲ್ಲಿ 2004ರಲ್ಲೇ ಬಂದಿದೆ. ಹೊಡೆತ ಬಡಿತ ಮಾತ್ರವಲ್ಲ, ಖರ್ಚಿಗೆ ಕೊಡದೆ ಸತಾಯಿಸುವುದೂ ಅದರಲ್ಲಿ ಅಪರಾಧ. ನಮ್ಮ ಪಂಚಾಯತಿನ ಹಾಗೆ ಅಲ್ಲಿ 'ಬರಂಗಾಯ್' ಉಂಟು. ಹೊಡೆತಕ್ಕೆ, ಹೊಡೆಯುವ ಬೆದರಿಕೆಗೆ ಅದರ ಮುಖ್ಯಸ್ಥರೇ 15 ದಿನಗಳ ರಕ್ಷಣಾ ಆದೇಶ ಕೊಡಬಹುದು. ಪೊಲೀಸ್ ಠಾಣೆಗಳಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಬೇರೆಯೇ ವಿಭಾಗವಿದೆ. ಹೋದ ಮೊದಲ ವಾರದಲ್ಲೇ ಬರಂಗಾಯ್ ಕಚೇರಿ, ಧರ್ಮಕೇಂದ್ರ ಎಲ್ಲಿ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಹೊರಡುವ ಮೊದಲು

- ಪಾಸ್‌ಪೋರ್ಟ್, ಮದುವೆ ಪತ್ರ, ಅಂಕಪಟ್ಟಿಗಳು ಅವಳ ಕೈಯಲ್ಲೇ ಇರಲಿ. ಒಂದೊಂದು ನಕಲು ತವರಿನಲ್ಲಿರಲಿ.
- ಊರಿನ ಬ್ಯಾಂಕ್ ಖಾತೆ ಮುಚ್ಚುವುದು ಬೇಡ. ಬ್ಯಾಂಕಿಗೆ ತಿಳಿಸಿ ಅನಿವಾಸಿ ಖಾತೆಯಾಗಿ ಬದಲಾಯಿಸಿ.
- ಹಿಂತಿರುಗಿ ಬರುವ ಟಿಕೆಟಿನಷ್ಟು ಹಣ ಅವಳ ಹೆಸರಲ್ಲೇ ಇರಲಿ.
- ಸಾಧ್ಯವಾದರೆ ಮದುವೆಗೆ ಮೊದಲು ಒಮ್ಮೆ ಹೋಗಿ ಆ ಮನೆಯವರನ್ನು ಕಂಡು ಬನ್ನಿ.
- ವಾರಕ್ಕೊಮ್ಮೆ ತಾಯಿ ಮಗಳು ಮಾತ್ರ ಮಾತಾಡುವ ಸಮಯ ಇಟ್ಟುಕೊಳ್ಳಿ.

ಆ ತಾಯಿಗೂ ನಾವು ಇದನ್ನೇ ಹೇಳಿದೆವು. "ಮಗಳಿಗೆ ಇಷ್ಟೆಲ್ಲಾ ಕೇಳಿದರೆ ಸಿಟ್ಟು ಬರ್ತದೆ ಸಿಸ್ಟರ್" ಎಂದರು. ಬರಲಿ. ಸಂಘದಲ್ಲಿ ಒಂದು ಸಾವಿರ ಸಾಲ ಕೊಡುವಾಗಲೂ ನಾವು ನಾಲ್ಕು ಪ್ರಶ್ನೆ ಕೇಳಿ, ನಿರ್ಣಯ ಬರೆದು, ಸಹಿ ಹಾಕಿಸಿಕೊಳ್ಳುತ್ತೇವೆ. ಅದು ಅಪನಂಬಿಕೆಯಿಂದ ಅಲ್ಲ. ಸಂಘ ಉಳಿಯಬೇಕು ಎಂಬ ಕಾಳಜಿಯಿಂದ. ಸಂಸಾರಕ್ಕೂ ಅಷ್ಟು ಕಾಳಜಿ ಬೇಡವೇ? ಮುಂದಿನ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ. ಹೊರದೇಶದಲ್ಲಿ ಮಕ್ಕಳಿರುವ ತಾಯಂದಿರಿಗೆ ತಪ್ಪದೆ ತಿಳಿಸಿ.